ಹೆಗಲ ಮೇಲಿನ ಪ್ರಾರ್ಥನೆ

ಹದಿನೆಂಟನೇ ಶತಮಾನದ ಪ್ರಷ್ಯಾ ರಾಜ್ಯದಲ್ಲಿ ಈಗ ಕೇಳಿದರೆ ನಂಬಲು ಕಷ್ಟವಾಗುವ ಒಂದು ಸರ್ಕಾರಿ ಹುದ್ದೆ ಇತ್ತು. ಕೋನಿಗ್ಸ್‌ಬರ್ಗ್ ನಗರದ ಸಿನಗಾಗ್‌ನಲ್ಲಿ ಯಹೂದಿಗಳು ಪ್ರಾರ್ಥನೆಗೆ ಸೇರಿದಾಗ ಅವರ ನಡುವೆ ಒಬ್ಬ ಅಧಿಕಾರಿ ಬಂದು ಕೂರುತ್ತಿದ್ದ. ಅವನು ಹೀಬ್ರೂ ಬಲ್ಲ ಕ್ರೈಸ್ತ. ಪ್ರಾರ್ಥನೆಯ ಕೊನೆಯಲ್ಲಿ ಬರುವ ಒಂದು ಸಾಲನ್ನು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ ಎಂದು ಕಿವಿಗೊಟ್ಟು ಕೇಳುವುದು ಅವನ ಕೆಲಸ. ದೊಡ್ಡ ಸೈನ್ಯವನ್ನು ಸಾಕಿಕೊಂಡಿದ್ದ ರಾಜ್ಯವೊಂದು ಬೆರಳೆಣಿಕೆಯ ಜನರ ಒಂದು ಸಾಲಿಗೆ ಕಾವಲು ಹಾಕಿತ್ತು.

ಆ ಪ್ರಾರ್ಥನೆಯ ಹೆಸರು 'ಅಲೇನು'. ಅದರ ಮೊದಲ ಪದವೇ ಅದರ ಹೆಸರು. ಹೀಬ್ರೂವಿನಲ್ಲಿ ಅದಕ್ಕೆ 'ನಮ್ಮ ಮೇಲಿದೆ' ಎಂದರ್ಥ. ಅಂದರೆ, ಇದು ನಮ್ಮ ಪಾಲಿಗೆ ಬಂದ ಕರ್ತವ್ಯ. ದೇವರು ನಮ್ಮ ಪಾಲನ್ನು ಬೇರೆ ಜನಾಂಗಗಳ ಪಾಲಿನಂತೆ ಇಡಲಿಲ್ಲ, ಆದ್ದರಿಂದ ಅವನನ್ನು ಕೊಂಡಾಡುವ ಹೊಣೆ ನಮ್ಮದು ಎಂಬುದು ಮೊದಲ ಭಾಗದ ತಾತ್ಪರ್ಯ. ಎರಡನೆಯ ಭಾಗದಲ್ಲಿ ನೋಟ ಹಿಗ್ಗುತ್ತದೆ: ಲೋಕದ ಜನರೆಲ್ಲ ಒಂದು ದಿನ ಒಬ್ಬನೇ ದೇವರಿಗೆ ತಲೆಬಾಗುವಂತಾಗಲಿ ಎಂಬ ಹಾರೈಕೆ ಅಲ್ಲಿದೆ. ಹೀಗೆ ಒಂದೇ ಪ್ರಾರ್ಥನೆಯಲ್ಲಿ ಬೇರೆಯಾಗಿ ನಿಲ್ಲುವ ಮಾತೂ ಇದೆ, ಎಲ್ಲರೊಡನೆ ಒಂದಾಗುವ ಆಸೆಯೂ ಇದೆ. ಯಹೂದಿಗಳು ತಮ್ಮನ್ನು 'ದೇವರು ಆಯ್ದುಕೊಂಡ ಜನ' ಎಂದು ಕರೆದುಕೊಳ್ಳುವುದರ ಬಗ್ಗೆ ಹೊರಗಿನವರೂ ಒಳಗಿನವರೂ ನಡೆಸಿದ ಜಗಳಗಳು ಈ ಎರಡು ಮಾತುಗಳ ನಡುವೆಯೇ ಸುಳಿದಾಡಿವೆ. ಆಯ್ಕೆ ಎಂಬುದು ಹಿರಿಮೆಯೋ, ಹೊರೆಯೋ?

ಬೈಬಲ್‌ನ ಧರ್ಮೋಪದೇಶಕಾಂಡ ಈ ಪ್ರಶ್ನೆಯನ್ನು ಆಗಲೇ ಎದುರಿಸಿದೆ. ನಿಮ್ಮ ಸಂಖ್ಯೆ ದೊಡ್ಡದೆಂದು ದೇವರು ನಿಮ್ಮನ್ನು ಆರಿಸಲಿಲ್ಲ, ನೀವು ಎಲ್ಲರಿಗಿಂತ ಕಡಿಮೆ ಇದ್ದೀರಿ ಎಂದು ಅದು ಎಚ್ಚರಿಸುತ್ತದೆ. ಪ್ರವಾದಿ ಆಮೋಸ ಇನ್ನೂ ಕಟುವಾಗಿ, ದೇವರು ನಿಮ್ಮನ್ನು ಹತ್ತಿರದಿಂದ ಬಲ್ಲ, ಆದುದರಿಂದಲೇ ನಿಮ್ಮ ತಪ್ಪುಗಳ ಲೆಕ್ಕ ಕೇಳುತ್ತಾನೆ ಎನ್ನುತ್ತಾನೆ. ಇಸ್ರಾಯೇಲ್ಯರನ್ನು ಈಜಿಪ್ಟಿನಿಂದ ಬಿಡಿಸಿ ತಂದ ದೇವರೇ ಅವರ ಶತ್ರುಗಳಾದ ಫಿಲಿಷ್ಟಿಯರನ್ನೂ ಅರಾಮ್ಯರನ್ನೂ ಅವರವರ ನೆಲಕ್ಕೆ ಕರೆತಂದವನು ಎಂದೂ ಅವನು ನೆನಪಿಸುತ್ತಾನೆ. ಮುಂದೆ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಎರಡು ಕಥೆ ಕಟ್ಟಿದರು. ಒಂದರಲ್ಲಿ ದೇವರು ತನ್ನ ಧರ್ಮಶಾಸ್ತ್ರವಾದ ತೋರಾವನ್ನು ಹಿಡಿದು ಏಸಾವನ ಮಕ್ಕಳ ಬಳಿಗೂ ಅಮ್ಮೋನ, ಮೋವಾಬ, ಇಷ್ಮಾಯೇಲರ ಮಕ್ಕಳ ಬಳಿಗೂ ಹೋಗುತ್ತಾನೆ. ಒಬ್ಬರಿಗೆ ಕೊಲೆಯ ನಿಷೇಧ ಒಗ್ಗುವುದಿಲ್ಲ, ಒಬ್ಬರಿಗೆ ವ್ಯಭಿಚಾರದ್ದು, ಇನ್ನೊಬ್ಬರಿಗೆ ಕಳವಿನದು. ಕೊನೆಗೆ ಇಸ್ರಾಯೇಲ್ಯರು ಒಪ್ಪುತ್ತಾರೆ. ಎರಡನೆಯ ಕಥೆಯಲ್ಲಿ ದೇವರು ಸೀನಾಯಿ ಬೆಟ್ಟವನ್ನೇ ಕಿತ್ತು ಕೊಪ್ಪರಿಗೆಯಂತೆ ಅವರ ತಲೆಯ ಮೇಲೆ ಹಿಡಿಯುತ್ತಾನೆ: ಒಪ್ಪಿದರೆ ಸರಿ, ಇಲ್ಲವಾದರೆ ಇಲ್ಲೇ ಗೋರಿ. ಒಂದು ಕಥೆಯಲ್ಲಿ ಜನರೇ ದೇವರನ್ನು ಆರಿಸಿಕೊಂಡರು. ಇನ್ನೊಂದರಲ್ಲಿ ಅವರಿಗೆ ಆಯ್ಕೆಯೇ ಇರಲಿಲ್ಲ. ಪರಂಪರೆ ಎರಡನ್ನೂ ಉಳಿಸಿಕೊಂಡಿತು.

ಈ ಆಯ್ಕೆಯ ಕಲ್ಪನೆ ದಿನದಿನದ ನಾಲಗೆಯ ಮೇಲೆ ನೆಲೆಸಿದ್ದು ಒಂದು ಮಹಾನಷ್ಟದ ನಂತರ. ಕ್ರಿ.ಶ. 70ರ ಬೇಸಿಗೆಯಲ್ಲಿ ಟೈಟಸ್‌ನ ರೋಮನ್ ಪಡೆ ಜೆರುಸಲೇಮಿಗೆ ನುಗ್ಗಿ ದೇವಾಲಯವನ್ನು ಸುಟ್ಟುಹಾಕಿತು. ಅಲ್ಲಿಯವರೆಗೆ ಆರಾಧನೆಯೆಂದರೆ ಬಲಿಪೀಠ. ಬೆಳಿಗ್ಗೆ ಒಂದು ಕುರಿಮರಿ, ಇಳಿಹೊತ್ತಿಗೆ ಒಂದು. ಯಾಜಕರ ಸೇವೆ, ಲೇವಿಯರ ಹಾಡು. ಪೀಠವೇ ಬೂದಿಯಾದ ಮೇಲೆ ದೇವರನ್ನು ಮುಟ್ಟುವ ದಾರಿ ಯಾವುದು? ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುಡ್ ಹೇಳುವ ಕಥೆಯಂತೆ, ಮುತ್ತಿಗೆಗೆ ಸಿಕ್ಕಿದ ನಗರದಿಂದ ರಬ್ಬಿ ಯೋಹಾನಾನ್ ಬೆನ್ ಜಕ್ಕೈ ಅವರನ್ನು ಶಿಷ್ಯರು ಶವಪೆಟ್ಟಿಗೆಯಲ್ಲಿ ಮಲಗಿಸಿ, ಹೆಣವೆಂದು ಹೇಳಿ ಹೊರಗೆ ಹೊತ್ತು ತಂದರು. ರೋಮನ್ ಸೇನಾನಿ ವೆಸ್ಪಾಸಿಯನ್‌ನ ಎದುರು ನಿಂತ ಆ ಹಿರಿಯರು ಜೆರುಸಲೇಮನ್ನು ಕೇಳಲಿಲ್ಲ. ಯಾವ್ನೆ ಎಂಬ ಊರನ್ನೂ ಅಲ್ಲಿನ ವಿದ್ವಾಂಸರನ್ನೂ ಉಳಿಸಿಕೊಡು ಎಂದು ಬೇಡಿದರು.

ಯಾವ್ನೆಯಲ್ಲಿ ಅವರ ನಂತರ ಎರಡನೇ ಗಮಲಿಯೇಲರ ನೇತೃತ್ವದಲ್ಲಿ 'ಅಮಿದಾ' ಎಂಬ ಹದಿನೆಂಟು ಆಶೀರ್ವಚನಗಳ ಪ್ರಾರ್ಥನೆಗೆ ಕ್ರಮ ಬಂತು. ಇದು ಎಷ್ಟರಮಟ್ಟಿಗೆ ಹೊಸದು ಎಂಬುದು ವಿದ್ವಾಂಸರ ನಡುವಿನ ಹಳೆಯ ವಾದ. ಜನರ ಬಾಯಲ್ಲಿ ಹಲವು ರೂಪಗಳಲ್ಲಿದ್ದ ಪ್ರಾರ್ಥನೆಗಳು ನಿಧಾನವಾಗಿ ಒಂದಾದವು ಎಂದು ಯೋಸೆಫ್ ಹೈನೆಮಾನ್ ವಾದಿಸಿದರೆ, ಕಡ್ಡಾಯ ಪ್ರಾರ್ಥನೆ ಎಂಬುದೇ ಯಾವ್ನೆಯ ಹೊಸ ನಿರ್ಮಾಣ ಎಂದರು ಎಜ್ರಾ ಫ್ಲೈಷರ್. ಎರಡರಲ್ಲಿ ಯಾವುದನ್ನು ಒಪ್ಪಿದರೂ ಫಲ ಒಂದೇ. ಬಲಿಯ ಹೊತ್ತುಗಳು ಪ್ರಾರ್ಥನೆಯ ಹೊತ್ತುಗಳಾದವು. ಹತ್ತು ಮಂದಿ ವಯಸ್ಕರು ಸೇರಿದ ಕಡೆಯೇ ಸಭೆ. ಬಾಬಿಲೋನಿಯಾದ ಹಳ್ಳಿಯಿರಲಿ, ರೈನ್ ನದಿಯ ದಂಡೆಯಿರಲಿ, ಮುಖ ಜೆರುಸಲೇಮಿನ ಕಡೆಗೆ. ಸ್ಥಾವರವಾಗಿದ್ದ ಆರಾಧನೆ ಜಂಗಮವಾಯಿತು.

ಅಮಿದಾ ಹೇಳುವವರನ್ನು ಹತ್ತಿರದಿಂದ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಅರಸನ ಸನ್ನಿಧಿಗೆ ಹೋಗುವವರಂತೆ ಮೂರು ಹೆಜ್ಜೆ ಮುಂದೆ ಇಡುತ್ತಾರೆ. ಎರಡೂ ಪಾದ ಜೋಡಿಸಿ ನಿಲ್ಲುತ್ತಾರೆ. ತುಟಿ ಅಲುಗುತ್ತದೆ, ದನಿ ಪಕ್ಕದವರಿಗೂ ಕೇಳುವುದಿಲ್ಲ. ಈ ರೀತಿಯನ್ನು ರಬ್ಬಿಗಳು ಕಲಿತದ್ದು ಒಬ್ಬ ಹೆಂಗಸಿನಿಂದ. ಬೈಬಲ್‌ನ ಕಥೆಯಲ್ಲಿ ಮಕ್ಕಳಿಲ್ಲದ ಹನ್ನ ಶೀಲೋವಿನ ಗುಡಿಯಲ್ಲಿ ನಿಂತು ದನಿಯಿಲ್ಲದೆ ತುಟಿಯಲ್ಲೇ ಮೊರೆಯಿಟ್ಟಾಗ ಯಾಜಕ ಏಲಿ ಅವಳು ಕುಡಿದಿದ್ದಾಳೆಂದು ತಿಳಿದ. ಅವನ ತಪ್ಪು ತಿಳಿವಳಿಕೆಯನ್ನು ಪರಂಪರೆ ಮರೆಯಲಿಲ್ಲ. ಅವಳ ತುಟಿಗಳನ್ನೇ ಮಾದರಿಯಾಗಿ ಇಟ್ಟುಕೊಂಡಿತು. ಮುಗಿದ ಮೇಲೆ ಬೆನ್ನು ತೋರಿಸದೆ ಮೂರು ಹೆಜ್ಜೆ ಹಿಂದೆ.

ಹೀಗೆ ರೂಪುಗೊಂಡ ಪ್ರಾರ್ಥನೆಗಳಲ್ಲಿ 'ಆಯ್ದುಕೊಂಡ' ಎಂಬ ಮಾತು ಹಲವು ಕಡೆ ನೆಲೆಯಾಯಿತು: ತೋರಾ ಓದಲು ಕರೆ ಬಂದವರು ಹೇಳುವ ಕೃತಜ್ಞತೆಯಲ್ಲಿ, ಶುಕ್ರವಾರ ಸಂಜೆ ದ್ರಾಕ್ಷಾರಸದ ಬಟ್ಟಲೆತ್ತಿ ವಾರದ ವಿಶ್ರಾಂತಿ ದಿನವಾದ ಸಬ್ಬತ್ತನ್ನು ಬರಮಾಡಿಕೊಳ್ಳುವಾಗ, ಹಬ್ಬದ ದಿನಗಳ ಅಮಿದಾದಲ್ಲಿ. ಆದರೆ ಎಲ್ಲಿಯೂ ಅದು ಒಂಟಿಯಾಗಿ ಬರುವುದಿಲ್ಲ. ಆರಿಸಿದ ಎಂದ ಉಸಿರಿನಲ್ಲೇ ತೋರಾ ಕೊಟ್ಟ, ಆಜ್ಞೆಗಳಿಂದ ಪಾವನಗೊಳಿಸಿದ, ಸಬ್ಬತ್ ಕೊಟ್ಟ ಎಂಬ ಮಾತೂ ಇರುತ್ತದೆ. ಆಯ್ಕೆಯ ಜೊತೆಗೇ ಕೆಲಸದ ಪಟ್ಟಿಯೂ ಬರುತ್ತದೆ.

ಅಲೇನು ಹುಟ್ಟಿದ್ದು ಯಾವಾಗ ಎಂಬುದರಲ್ಲಿ ಒಮ್ಮತವಿಲ್ಲ. ಅದನ್ನು ರಚಿಸಿದವನು ಬೈಬಲ್‌ನ ಯೆಹೋಶುವ ಎಂದು ಸಂಪ್ರದಾಯ ನಂಬುತ್ತದೆ. ಅಲೇನುವಿನಲ್ಲಿ ದೇವಾಲಯದ ನಾಶದ ಅಳಲಿಲ್ಲ, ನೆಲಕ್ಕೆ ಬೀಳುವ ನಮಸ್ಕಾರದ ಮಾತಿದೆ. ಆದುದರಿಂದ ಅದು ದೇವಾಲಯ ನಿಂತಿದ್ದ ಕಾಲದ್ದೇ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಹೆಚ್ಚಿನವರು ಅದನ್ನು ಬಾಬಿಲೋನಿಯಾದ ಸೂರಾದಲ್ಲಿ ಸುಮಾರು 219ರಲ್ಲಿ ವಿದ್ಯಾಪೀಠ ಕಟ್ಟಿದ 'ರವ್' ಎಂಬ ಗುರುವಿನ ಪರಂಪರೆಗೆ ಸೇರಿಸುತ್ತಾರೆ. ಹೊಸವರ್ಷದ ದಿನ, ರೋಷ್ ಹಶಾನಾದಂದು, ಟಗರಿನ ಕೊಂಬಿನ ಕಹಳೆ ಮೊಳಗುವ ವಿಶೇಷ ಸೇವೆಯಲ್ಲಿ ದೇವರ ಅರಸುತನವನ್ನು ಸಾರುವ ಭಾಗಕ್ಕೆ ಅಲೇನು ಪೀಠಿಕೆ. ಆಗ ಅದು ವರ್ಷಕ್ಕೊಮ್ಮೆ ಹೇಳುವ ಪ್ರಾರ್ಥನೆ.

ಹನ್ನೆರಡನೇ ಶತಮಾನದಲ್ಲಿ ಆಯ್ಕೆಯ ಮಾತು ಮೂರು ಕಡೆ ಮೂರು ಬಗೆಯಲ್ಲಿ ಪರೀಕ್ಷೆಗೆ ಒಳಗಾಯಿತು. ಸುಮಾರು 1140ರಲ್ಲಿ ಸ್ಪೇನಿನ ಕವಿ ಯೆಹೂದಾ ಹಲೇವಿ 'ಕುಜಾರಿ' ಎಂಬ ಗ್ರಂಥವನ್ನು ಅರಬ್ಬಿಯಲ್ಲಿ ಬರೆದು ಮುಗಿಸಿದ. ಪ್ರವಾದಿತ್ವಕ್ಕೆ ಬೇಕಾದ ವಿಶೇಷ ಗುಣ ಹುಟ್ಟಿನಿಂದ, ವಂಶದಿಂದ ಹರಿದುಬರುತ್ತದೆ. ಹೊರಗಿನಿಂದ ಬಂದು ಮತ ಸೇರಿದವನು ಪುಣ್ಯದಲ್ಲಿ ಪಾಲುದಾರನಾದರೂ ಹುಟ್ಟು ಯಹೂದಿಗೆ ಪೂರಾ ಸಮನಾಗಲಾರ ಎಂಬುದು ಅವನ ನಿಲುವು. ಎರಡು ಬಲಿಷ್ಠ ಮತಗಳ ನಡುವೆ ನಲುಗುತ್ತಿದ್ದ ತನ್ನ ಜನಕ್ಕೆ ಮಾನ ತಂದುಕೊಡಲು ಹೊರಟ ಗ್ರಂಥ ಅದು. ಆದರೂ ಆಯ್ಕೆಯನ್ನು ರಕ್ತಕ್ಕೆ ಕಟ್ಟಿದ ಆ ವಾದ ಅಪಾಯಕಾರಿಯಾದದ್ದು ಎಂದು ಹೇಳದೆ ವಿಧಿಯಿಲ್ಲ.

ಎರಡನೆಯ ಪರೀಕ್ಷೆ ಬೆಂಕಿಯದು. 1171ರಲ್ಲಿ ಫ್ರಾನ್ಸಿನ ಲ್ವಾರ್ ನದಿಯ ಮೇಲಿನ ಬ್ಲ್ವಾ ಪಟ್ಟಣದಲ್ಲಿ ಒಬ್ಬ ಸೇವಕ ಬಂದು, ಯಹೂದಿಯೊಬ್ಬ ಮಗುವಿನ ಹೆಣವನ್ನು ನದಿಗೆ ಎಸೆದದ್ದನ್ನು ಕಂಡೆ ಎಂದ. ಹೆಣ ಸಿಗಲಿಲ್ಲ. ಆದರೂ ಪ್ರಾಂತ್ಯದ ಒಡೆಯ ಐದನೇ ಥಿಬೋ ಊರಿನ ಯಹೂದಿಗಳನ್ನು ಸೆರೆಹಿಡಿಸಿದ. ಮೇ 26ರಂದು 30ಕ್ಕೂ ಹೆಚ್ಚು ಗಂಡಸರು, ಹೆಂಗಸರನ್ನು ಕಟ್ಟಿಗೆಯ ಮನೆಯೊಂದರಲ್ಲಿ ಕೂಡಿ ಬೆಂಕಿಯಿಟ್ಟರು. ಆ ಕಾಲದ ಹೀಬ್ರೂ ಪತ್ರಗಳೂ ಬಾನ್ ನಗರದ ಎಫ್ರೈಮ್ ಬರೆದ ವೃತ್ತಾಂತವೂ ಹೇಳುವುದೇನೆಂದರೆ, ಜ್ವಾಲೆ ಏರಿದಾಗ ಒಳಗಿನಿಂದ ಒಂದು ಹಾಡು ಕೇಳಿಸಿತು. ಮೊದಲು ಸಣ್ಣ ದನಿ. ಆಮೇಲೆ ಎಲ್ಲರ ದನಿ ಸೇರಿ ಗಟ್ಟಿಯಾಯಿತು. ಹೊರಗೆ ನಿಂತಿದ್ದ ಕ್ರೈಸ್ತರು ಇಷ್ಟು ಇಂಪಾದ ಹಾಡು ಯಾವುದೆಂದು ಯಹೂದಿಗಳನ್ನು ವಿಚಾರಿಸಿದರು. ಅದು ಅಲೇನು.

ವರ್ಷಕ್ಕೊಮ್ಮೆ ಹೇಳುತ್ತಿದ್ದ ಪ್ರಾರ್ಥನೆ ದಿನಕ್ಕೆ ಮೂರು ಸಲದ್ದಾಗಲು ಬ್ಲ್ವಾದ ನೆನಪೇ ಕಾರಣ ಎಂದು ಹಲವರು ಬರೆದಿದ್ದಾರೆ. ಬ್ಲ್ವಾಕ್ಕಿಂತ ಮೊದಲಿನ ಫ್ರಾನ್ಸಿನ 'ಮಹಜೋರ್ ವಿಟ್ರಿ' ಎಂಬ ಪ್ರಾರ್ಥನಾ ಗ್ರಂಥದ ಸಂಪ್ರದಾಯದಲ್ಲೇ ದಿನದ ಪ್ರಾರ್ಥನೆಯಲ್ಲಿ ಅದರ ಸುಳಿವಿದೆ ಎಂದು ಇತರರು ತೋರಿಸುತ್ತಾರೆ. ರೂಢಿ ಮೊದಲೇ ಮೊಳೆತಿರಬಹುದು. ಆದರೆ ಅಲೇನು ಹುತಾತ್ಮರ ಹಾಡೆಂಬ ಭಾವ ಅಂಟಿದ್ದು ಆ ಬೆಂಕಿಯಿಂದ. ನಮ್ಮ ಪಾಲು ಬೇರೆ ಎಂಬ ಮಾತಿಗೆ ಆ ಕಟ್ಟಿಗೆಯ ಮನೆಯಲ್ಲಿ ಎಂಥ ಅರ್ಥ ಬಂದಿತೆಂದು ನೆನೆದರೆ ಎದೆ ಭಾರವಾಗುತ್ತದೆ.

ಮೂರನೆಯದು ಒಂದು ಪತ್ರ. ಓಬದ್ಯ ಎಂಬ ಹೆಸರಿಟ್ಟುಕೊಂಡು ಯಹೂದಿ ಮತ ಸೇರಿದ್ದ ಒಬ್ಬ ವ್ಯಕ್ತಿ ಈಜಿಪ್ಟಿನಲ್ಲಿದ್ದ ಮಹಾಪಂಡಿತ ಮೈಮೊನಿಡೀಸ್‌ಗೆ ಒಂದು ಪ್ರಶ್ನೆ ಕಳಿಸಿದ. ನಮ್ಮ ಪಿತೃಗಳ ದೇವರೇ ಎಂದೋ, ನಮ್ಮನ್ನು ಆಯ್ದುಕೊಂಡವನೇ ಎಂದೋ ನಾನು ಹೇಳಬಹುದೇ? ನನ್ನ ಪಿತೃಗಳು ಯಹೂದಿಗಳಾಗಿರಲಿಲ್ಲವಲ್ಲ? ಅಂಥವನು ಮಾತು ಬದಲಿಸಿ ಹೇಳಬೇಕೆಂಬ ಹಳೆಯ ವಿಧಿ ರಬ್ಬಿಗಳ ವಿಧಿಸಂಗ್ರಹವಾದ ಮಿಷ್ನಾದಲ್ಲೇ ಇತ್ತು. ಮೈಮೊನಿಡೀಸ್‌ನ ಉತ್ತರ ಸ್ಪಷ್ಟವಾಗಿತ್ತು. ಎಲ್ಲವನ್ನೂ ಇದ್ದ ಹಾಗೆಯೇ ಹೇಳು, ಏನನ್ನೂ ಬದಲಿಸಬೇಡ. ಅಬ್ರಹಾಮನ ದಾರಿ ಹಿಡಿದವರೆಲ್ಲ ಅವನ ಮಕ್ಕಳು. ನಿನಗೂ ನಮಗೂ ಯಾವ ವ್ಯತ್ಯಾಸವೂ ಇಲ್ಲ. ಹಲೇವಿ ರಕ್ತಕ್ಕೆ ಕಟ್ಟಿದ್ದ ಗಂಟನ್ನು ಮೈಮೊನಿಡೀಸ್ ಬಿಚ್ಚಿದ. ಹೊರೆಯನ್ನು ಹೊರಲು ಮುಂದೆ ಬಂದವನು ಆಯ್ದವರಲ್ಲಿ ಒಬ್ಬನಾದ.

ಆದರೆ ಹೊರಗಿನವರ ಕಿವಿಗೆ ಬೀಳುತ್ತಿದ್ದುದು ಬೇರೆ. ಅಲೇನುವಿನ ಮೊದಲ ಭಾಗದಲ್ಲಿ, ಇತರರು ಶೂನ್ಯಕ್ಕೆ ಬಾಗುತ್ತಾರೆ, ಕಾಪಾಡಲಾರದ ದೇವರಿಗೆ ಮೊರೆಯಿಡುತ್ತಾರೆ ಎಂಬರ್ಥದ ಸಾಲೊಂದಿತ್ತು. ಅದರ ಪದಗಳು ಯೆಶಾಯನ ಪ್ರವಾದನೆಯಿಂದ ಬಂದವು. ಗುರಿ ಆ ಕಾಲದ ವಿಗ್ರಹಗಳು. ಹದಿನಾಲ್ಕನೇ ಶತಮಾನದ ಕೊನೆಯಲ್ಲಿ ಪ್ರಾಗ್ ನಗರದಲ್ಲಿ ಕ್ರೈಸ್ತನಾಗಿ ಮತಾಂತರಗೊಂಡ ಪೀಟರ್ ಎಂಬಾತ, ಹಿಂದೆ ಅವನ ಹೆಸರು ಪೆಸಾಹ್, ಒಂದು ಲೆಕ್ಕ ಮುಂದಿಟ್ಟ. ಹೀಬ್ರೂವಿನ ಪ್ರತಿ ಅಕ್ಷರಕ್ಕೂ ಒಂದು ಅಂಕಿಯಿದೆ. ಆ ಸಾಲಿನ 'ವರೀಕ್' ಎಂಬ ಪದದ ಅಂಕಿಗಳನ್ನು ಕೂಡಿದರೆ 316. 'ಯೇಶು' ಎಂಬ ಹೆಸರಿನದೂ 316. ಹಾಗಾದರೆ ಈ ಜನ ದಿನವೂ ಯೇಸುವನ್ನೇ ಹೀಗಳೆಯುತ್ತಾರೆ ಎಂದು ಅವನು ದೂರಿದ. ರಬ್ಬಿ ಯೋಮ್ ತೋವ್ ಲಿಪ್ಮಾನ್ ಮ್ಯೂಲ್‌ಹೌಸೆನ್ ವಾದಕ್ಕೆ ನಿಂತು ಇಂಥ ಆರೋಪಗಳಿಗೆ ಒಂದೊಂದಾಗಿ ಉತ್ತರ ಕೊಟ್ಟರು. ಆದರೂ 1400ರಲ್ಲಿ ಸುಮಾರು 80 ಯಹೂದಿಗಳನ್ನು ಕೊಲ್ಲಲಾಯಿತು.

ಆ ಲೆಕ್ಕ ಯಹೂದಿಗಳಿಗೆ ಗೊತ್ತೇ ಇರಲಿಲ್ಲವೆನ್ನುವುದು ಸತ್ಯಕ್ಕೆ ದೂರವಾದೀತು. ಹಿಂಸೆಯುಂಡ ಮಧ್ಯಯುಗದ ಜರ್ಮನ್ ನಾಡಿನಲ್ಲಿ ಕೆಲವರು ಅದೇ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಆ ಪದ ಬಂದಾಗ ನೆಲಕ್ಕೆ ಉಗುಳುವ ರೂಢಿಯೂ ಬೆಳೆದಿತ್ತು. ಸಿನಗಾಗ್‌ಗೆ ತೀರ ತಡವಾಗಿ ಬಂದವನನ್ನು 'ಉಗುಳುವ ಹೊತ್ತಿಗೆ ಬಂದ' ಎನ್ನುವ ನುಡಿಗಟ್ಟು ಯಿಡ್ಡಿಷ್ ಭಾಷೆಯಲ್ಲಿ ಉಳಿದುಬಂದಿದೆ. ಬಡಿಸಿಕೊಂಡವರ ಸಿಟ್ಟು ಅದು. ಬೇರೆಲ್ಲೂ ಹೊರಬೀಳಲು ಎಡೆಯಿಲ್ಲದೆ ಪ್ರಾರ್ಥನೆಯೊಳಗೆ ನುಸುಳಿತ್ತು.

ಅಚ್ಚಿನ ಯುಗ ಬಂದ ಮೇಲೆ ಸಾಲಿಗೆ ಕತ್ತರಿ ಬಿತ್ತು. ಕೆಲವು ಮುದ್ರಕರು ಅಲ್ಲಿ ಖಾಲಿ ಜಾಗ ಬಿಟ್ಟರು; ಬಲ್ಲವರು ಕೈಯಲ್ಲಿ ಬರೆದು ತುಂಬಿಕೊಂಡರು. 1700ರಲ್ಲಿ ಯೋಹಾನ್ ಐಸೆನ್‌ಮೆಂಗರ್ ಎಂಬ ಜರ್ಮನ್ ಪಂಡಿತ ಯಹೂದಿಗಳ ವಿರುದ್ಧ ಎರಡು ಸಂಪುಟಗಳ ಆರೋಪಗ್ರಂಥ ಅಚ್ಚುಹಾಕಿಸಿದ. ಮೂರು ವರ್ಷಗಳ ನಂತರ, 1703ರ ಆಗಸ್ಟ್ 28ರಂದು, ಪ್ರಷ್ಯಾದ ದೊರೆ ಒಂದನೇ ಫ್ರೆಡರಿಕ್ ಆಜ್ಞೆ ಹೊರಡಿಸಿದ: ಆ ಸಾಲು ಕೂಡದು, ಉಗುಳುವುದು ಕೂಡದು, ಅಲೇನುವನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಬೇಕು, ಕೇಳಿಸಿಕೊಳ್ಳಲು ಅಧಿಕಾರಿಗಳು ಇರಬೇಕು. ಕೋನಿಗ್ಸ್‌ಬರ್ಗ್‌ನ ಹುದ್ದೆ ಹುಟ್ಟಿದ್ದು ಹೀಗೆ.

ಆ ಹುದ್ದೆಯಲ್ಲಿ ಕೊನೆಗೆ ಕೂತವನು ವಿಶ್ವವಿದ್ಯಾಲಯದ ಪೌರ್ವಾತ್ಯ ಭಾಷೆಗಳ ಪ್ರಾಧ್ಯಾಪಕ ಗೆಯೋರ್ಗ್ ಡೇವಿಡ್ ಕಿಪ್ಕೆ. ಯಹೂದಿಗಳು ಆಜ್ಞೆಯಂತೆ ನಡೆಯುತ್ತಿಲ್ಲ ಎಂದು ಅವನು 1777ರಲ್ಲಿ ದೂರು ಕೊಟ್ಟ. ಯಹೂದಿ ಸಮುದಾಯ ಬರ್ಲಿನ್ನಿನ ತತ್ತ್ವಜ್ಞಾನಿ ಮೋಸೆಸ್ ಮೆಂಡೆಲ್‌ಸೋನ್‌ನ ನೆರವು ಕೇಳಿತು. ಮೆಂಡೆಲ್‌ಸೋನ್ ಶಾಂತವಾಗಿ ಬರೆದುಕೊಟ್ಟ: ಈ ಪ್ರಾರ್ಥನೆ ಬಹು ಪುರಾತನವಾದದ್ದು, ಇದು ಎದುರಿಸಿದ್ದು ವಿಗ್ರಹಾರಾಧಕರನ್ನು, ಕ್ರೈಸ್ತರನ್ನಲ್ಲ. 1778ರಲ್ಲಿ ಆ ಹುದ್ದೆಯೇ ರದ್ದಾಯಿತು. ಕಾವಲುಗಾರ ಎದ್ದುಹೋದ. ಆದರೆ ಕಾವಲಿನ ಅಭ್ಯಾಸ ಯಹೂದಿಗಳ ಒಳಗೇ ಉಳಿಯಿತು. ಹತ್ತೊಂಬತ್ತನೇ ಶತಮಾನದ ಜರ್ಮನಿಯಲ್ಲಿ ನಾಗರಿಕ ಹಕ್ಕುಗಳಿಗಾಗಿ ಕಾದಿದ್ದ ಸುಧಾರಕರು ಪ್ರಾರ್ಥನಾ ಪುಸ್ತಕವನ್ನು ನೆರೆಯವರ ಕಿವಿಯಿಂದ ಓದಲು ಕಲಿತರು. ಆಯ್ಕೆಯ ಮಾತನ್ನು ಮೆದುಗೊಳಿಸಿದರು. ಲೋಕಕ್ಕೆ ನೀತಿಯ ಏಕದೇವೋಪಾಸನೆ ತಲುಪಿಸುವ ಹೊಣೆ ನಮ್ಮದು ಎಂದು ಅರ್ಥ ಹೇಳಿದರು.

ಕತ್ತರಿಯನ್ನು ತಾನಾಗಿ ಕೈಗೆತ್ತಿಕೊಂಡವನು ಮೊರ್ಡೆಕೈ ಕಾಪ್ಲಾನ್. ಲಿಥುವೇನಿಯಾದಲ್ಲಿ 1881ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ಈ ರಬ್ಬಿ ನ್ಯೂಯಾರ್ಕಿನ ಯಹೂದಿ ಧರ್ಮಶಾಸ್ತ್ರದ ಸೆಮಿನರಿಯಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪಾಠ ಮಾಡಿದ. 1922ರಲ್ಲಿ ತನ್ನ ಮಗಳು ಜೂಡಿತ್‌ಳನ್ನು ಸಭೆಯ ಮುಂದೆ ನಿಲ್ಲಿಸಿ ತೋರಾ ಭಾಗ ಓದಿಸಿದ್ದು ಅಮೆರಿಕದ ಮೊದಲ 'ಬಾತ್ ಮಿತ್ಸ್‌ವಾ' (ಹುಡುಗಿ ಧಾರ್ಮಿಕ ಹೊಣೆಗೆ ಬರುವ ವಿಧಿ) ಎಂದು ಹೆಸರಾಗಿದೆ. ಯಾವುದೇ ಒಂದು ಜನಾಂಗವನ್ನು ದೇವರು ಉಳಿದವರಿಗಿಂತ ಹೆಚ್ಚೆಂದು ಆರಿಸಿದ ಎಂಬುದನ್ನು ಇಂದಿನ ಪ್ರಾಮಾಣಿಕ ಮನಸ್ಸು ನಂಬಲಾರದು. ನಂಬದೆ ಇದ್ದುದನ್ನು ದೇವರ ಮುಂದೆ ಹೇಳಬಾರದು ಎಂಬುದು ಕಾಪ್ಲಾನ್‌ನ ಹಟ. 1945ರಲ್ಲಿ ಅವನು ಸಂಗಡಿಗರೊಡನೆ ಹೊರತಂದ ಸಬ್ಬತ್ ಪ್ರಾರ್ಥನಾ ಪುಸ್ತಕದಲ್ಲಿ ತೋರಾ ಓದುವ ಮುಂಚಿನ ಕೃತಜ್ಞತೆ ಬದಲಾಯಿತು. 'ಆಯ್ದುಕೊಂಡ' ಎಂದಿದ್ದ ಕಡೆ ತನ್ನ ಸೇವೆಗೆ ಹತ್ತಿರ ಕರೆದುಕೊಂಡ ಎಂಬರ್ಥದ ಮಾತು ಬಂತು.

ಆ ವರ್ಷವನ್ನು ಗಮನಿಸಬೇಕು. ಮೇ ತಿಂಗಳಲ್ಲಿ ಯೂರೋಪಿನ ಯುದ್ಧ ಮುಗಿದಿತ್ತು. ಶಿಬಿರಗಳ ಚಿತ್ರಗಳು ಪತ್ರಿಕೆಗಳಲ್ಲಿ ಬರತೊಡಗಿದ್ದವು. ಅರವತ್ತು ಲಕ್ಷ ಯಹೂದಿಗಳು ಕೊಲೆಯಾಗಿದ್ದರು. ಅಲೇನುವನ್ನು ದಿನವೂ ಹೇಳುತ್ತಿದ್ದ ಊರುಗಳೇ ಅಳಿಸಿಹೋಗಿದ್ದವು. ಜೂನ್ 12ರಂದು ಸುಮಾರು 200 ಸಂಪ್ರದಾಯನಿಷ್ಠ ರಬ್ಬಿಗಳು ನ್ಯೂಯಾರ್ಕಿನ ಮೆಕಾಲ್ಪಿನ್ ಹೋಟೆಲಿನಲ್ಲಿ ಸೇರಿ ಕಾಪ್ಲಾನ್‌ಗೆ ಬಹಿಷ್ಕಾರ ವಿಧಿಸಿದರು. ಅಲ್ಲೇ ಅವನ ಪುಸ್ತಕದ ಒಂದು ಪ್ರತಿಯನ್ನು ಸುಡಲಾಯಿತು. ಇದು ಸಭೆಯ ತೀರ್ಮಾನವೋ, ಒಬ್ಬರ ಆವೇಶವೋ ಎಂಬ ಬಗ್ಗೆ ವಿವರಣೆಗಳು ಹೊಂದುವುದಿಲ್ಲ. ಬರ್ಲಿನ್ನಿನಲ್ಲಿ ನಾಜಿಗಳು ಪುಸ್ತಕ ಸುಟ್ಟು ಆಗ ಹನ್ನೆರಡೇ ವರ್ಷ ಕಳೆದಿತ್ತು. ಕಾಪ್ಲಾನ್‌ನ ಸೆಮಿನರಿಯ ಹಿರಿಯ ಸಹೋದ್ಯೋಗಿಗಳಾದ ಲೂಯಿಸ್ ಗಿನ್ಜ್‌ಬರ್ಗ್, ಅಲೆಕ್ಸಾಂಡರ್ ಮಾರ್ಕ್ಸ್, ಸಾಲ್ ಲೀಬರ್‌ಮಾನ್ ಕೂಡ ಅವನ ಪುಸ್ತಕವನ್ನು ಬಹಿರಂಗವಾಗಿ ಖಂಡಿಸಿದರು.

ಆ ಜಗಳದ ಎರಡೂ ಕಡೆಯವರ ನೋವು ನನಗೆ ಅರ್ಥವಾಗುತ್ತದೆ. ಸತ್ತವರ ನಾಲಗೆಯ ಮೇಲಿದ್ದ ಕೊನೆಯ ಮಾತನ್ನೇ ಅಳಿಸುತ್ತಿದ್ದಾನಲ್ಲ ಎಂದು ಆ ರಬ್ಬಿಗಳಿಗೆ ಅನ್ನಿಸಿರಬೇಕು. ಆರಿಸಿದ ಜನಾಂಗ ಎಂಬ ಮಾತು ಜಗತ್ತನ್ನು ಎಲ್ಲಿಗೆ ತಂದಿತೆಂದು ಕಂಡ ಮೇಲೂ ಅದನ್ನು ಹೇಳುವುದು ಹೇಗೆ ಎಂದು ಕಾಪ್ಲಾನ್‌ನ ಬಳಗ ಕೇಳಬಹುದಿತ್ತು. ಆದರೆ ಬೆಂಕಿಗೆ ಸಮರ್ಥನೆಯಿಲ್ಲ. ಬ್ಲ್ವಾದಲ್ಲಿ ಹಾಡಿದವರ ವಾರಸುದಾರರು ಪ್ರಾರ್ಥನಾ ಪುಸ್ತಕಕ್ಕೆ ಬೆಂಕಿ ತಾಗಿಸಿದ ಗಳಿಗೆ ಈ ಇತಿಹಾಸದಲ್ಲಿ ಅತ್ಯಂತ ದುಃಖದ್ದು.

ಬಹಿಷ್ಕಾರ ಕಾಪ್ಲಾನ್‌ನನ್ನು ತಡೆಯಲಿಲ್ಲ. ಅವನ ವಿಚಾರಗಳಿಂದ ಬೆಳೆದ ಚಳವಳಿ 1968ರಲ್ಲಿ ಫಿಲಡೆಲ್ಫಿಯಾದಲ್ಲಿ ತನ್ನದೇ ರಬ್ಬಿ ಶಾಲೆ ತೆರೆಯಿತು. ಅವನು 1983ರವರೆಗೆ, 102 ವರ್ಷ ಬದುಕಿದ. ಇನ್ನೊಂದು ಕಡೆ, ಶತಮಾನಗಳ ಕಾಲ ಕತ್ತರಿಗೆ ಸಿಕ್ಕಿದ್ದ ಸಾಲು ಇಸ್ರೇಲಿನಲ್ಲಿ ಅಚ್ಚಾಗುವ ಅನೇಕ ಪ್ರಾರ್ಥನಾ ಪುಸ್ತಕಗಳಿಗೆ ಮರಳಿದೆ. ಹಿಂದೆ ಖಾಲಿ ಬಿಟ್ಟಿದ್ದ ಜಾಗ ತುಂಬಿದೆ. ಮಾತು ಅದೇ, ಹೇಳುವವರ ಸ್ಥಿತಿ ಬೇರೆ. ಬಲವಿಲ್ಲದವರ ಬಾಯಲ್ಲಿ ಅದು ಉಸಿರು ಹಿಡಿದಿಟ್ಟುಕೊಳ್ಳುವ ಮಾತಾಗಿತ್ತು. ನೆಲ, ಸೈನ್ಯ, ಅಧಿಕಾರ ಇರುವವರು ಅದನ್ನು ಹೇಳುವಾಗ ಆಮೋಸನ ಎಚ್ಚರಿಕೆಯನ್ನೂ ಜೊತೆಗೆ ಹೇಳಿಕೊಳ್ಳಬೇಕಾಗುತ್ತದೆ. ಇದನ್ನು ಅತ್ಯಂತ ತೀವ್ರವಾಗಿ ಚರ್ಚಿಸುತ್ತಿರುವವರು ಯಹೂದಿಗಳೇ ಎಂಬುದು ಈ ಪರಂಪರೆಯ ಜೀವಂತಿಕೆ.

ಇಂದಿಗೂ ಲೋಕದ ನೂರಾರು ಊರುಗಳಲ್ಲಿ ಸಂಜೆಯ ಪ್ರಾರ್ಥನೆ ಅಲೇನುವಿನೊಂದಿಗೆ ಮುಗಿಯುತ್ತದೆ. ಬಾಗುವ ಮಾತು ಬಂದಾಗ ಮೊಣಕಾಲು ಬಾಗುತ್ತದೆ, ಬೆನ್ನು ಬಾಗುತ್ತದೆ. ರೋಷ್ ಹಶಾನಾದಂದು ಹಲವು ಸಿನಗಾಗ್‌ಗಳಲ್ಲಿ ಜನ ಮಂಡಿಯೂರಿ ಹಣೆಯನ್ನು ನೆಲಕ್ಕೆ ತಾಗಿಸುತ್ತಾರೆ. ಯಹೂದಿಗಳ ವರ್ಷದಲ್ಲಿ ಅಂಥ ಸಾಷ್ಟಾಂಗಕ್ಕೆ ಇರುವ ಗಳಿಗೆಗಳು ಬಹಳ ಕಡಿಮೆ. ನಮ್ಮ ಪಾಲು ಬೇರೆ ಎಂದು ಹೇಳುವ ಪ್ರಾರ್ಥನೆಯಲ್ಲೇ ಅವರು ಎಲ್ಲಕ್ಕಿಂತ ಕೆಳಗೆ ಬೀಳುತ್ತಾರೆ. ಕೋನಿಗ್ಸ್‌ಬರ್ಗ್‌ನಲ್ಲಿ ಕೂತು ಕೇಳುತ್ತಿದ್ದವರಿಗೆ ಒಂದು ಸಾಲಿನ ಮೇಲೆ ಕಿವಿಯಿಡಲು ಹೇಳಿದ್ದರು. ಮೊದಲ ಪದವನ್ನು ಕೇಳಿಸಿಕೊಂಡಿದ್ದರೆ ಸಾಕಿತ್ತು: ನಮ್ಮ ಮೇಲಿದೆ.